ಎರಡು ತೀರ್ಪುಗಳ ನಡುವೆ

ಹೆಂಡತಿಯನ್ನು ಕಳೆದುಕೊಂಡವನಿಗೆ ವಿಧುರನೆಂದು ಹೆಸರುಂಟು. ಗಂಡನನ್ನು ಕಳೆದುಕೊಂಡವಳಿಗೆ ವಿಧವೆಯೆಂದು ಹೆಸರುಂಟು. ಪತಿಯು ದೇಶಾಂತರಕ್ಕೆ ಹೋಗಿರಲು ಮನೆಯಲ್ಲಿ ದಾರಿ ಕಾಯುವವಳನ್ನು ನಮ್ಮ ಆಲಂಕಾರಿಕರು ಪ್ರೋಷಿತಭರ್ತೃಕೆಯೆಂದು ಕರೆದಿರುವರು. ಆದರೆ ಮದುವೆಯು ಮುಗಿಯಿತೆಂದು ಸರಕಾರದ ನ್ಯಾಯಸ್ಥಾನವು ಹೇಳಿರುವಾಗ, ಅದು ಮೊದಲು ಆಗಿತ್ತೆ ಇಲ್ಲವೆ ಎಂಬುದನ್ನು ತಾನಿನ್ನೂ ವಿಚಾರಿಸಬೇಕೆಂದು ಧರ್ಮದ ನ್ಯಾಯಸ್ಥಾನವು ಹೇಳುತ್ತಿರಲು, ಇವೆರಡರ ನಡುವೆ ನಿಂತ ಮನುಷ್ಯನನ್ನು ಏನೆಂದು ಕರೆಯಬೇಕು? ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನಾದರೂ ನನಗೆ ಅಂತಹ ಶಬ್ದವೊಂದು ಈವರೆಗೆ ಸಿಕ್ಕಲಿಲ್ಲ.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಶಾಲೆಗಳಲ್ಲಿ ಭಾಷಾಪಾಠಗಳನ್ನು ಹೇಳಿ ವಿಶ್ರಾಂತಿ ಪಡೆದವನು. ಕಥೋಲಿಕ ಕ್ರೈಸ್ತರ ವಿವಾಹವಿಚಾರವನ್ನು ಕುರಿತು ಬರೆಯಲು ಇವನಿಗೇನು ಅಧಿಕಾರವೆಂದು ವಾಚಕ ಮಹಾಶಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅಧಿಕಾರವೇನೂ ಇಲ್ಲ, ಒಬ್ಬ ಮಿತ್ರರು ಉಂಟು. ಅವರ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿರುವೆನು. ಅವರ ಹೆಸರನ್ನೂ ಗುರುತನ್ನು ಕೊಡಬಹುದಾದ ಇತರ ಸಂಗತಿಗಳನ್ನೂ ಬಿಟ್ಟಿರುವೆನು.

ನಮ್ಮ ಸೀಮೆಗೆ ಕಥೋಲಿಕರು ಹೊಸಬರಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದಲೂ ಅವರ ಮನೆತನಗಳಿರುವುವು. ಆ ಊರಿನ ಕೋಟೆಯನ್ನು ನೋಡಲು ಹೋದವರಿಗೆ ಚರ್ಚನ್ನೂ ತೋರಿಸುವರು. ಮೊಹರಮ್ಮಿನ ಹಬ್ಬದಲ್ಲಂತೂ ಯಾರು ಯಾವ ಮತದವರೆಂದು ಕೇಳುವವರೇ ಇರುವುದಿಲ್ಲ. ಈಗ ರಾಯಚೂರು ಜಿಲ್ಲೆಯ ಕಥೋಲಿಕರು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ನನ್ನ ಮಿತ್ರರ ಹಿರಿಯರು ಮುದಗಲ್ಲಿನ ಕಡೆಯವರೇ. ಅವರು ವಿಜ್ಞಾನದ ಅಧ್ಯಾಪಕರು. ನನಗಿಂತ ಇಪ್ಪತ್ತು ವರ್ಷ ಕಿರಿಯರು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಏಳು ವರ್ಷ ಕೆಲಸ ಮಾಡಿದೆವು.

ಅವರ ವಿವಾಹವು ದೂರದ ಊರಿನಲ್ಲಿ, ಹಿರಿಯರ ಮಾತಿನಂತೆ ನಡೆಯಿತು. ಹುಡುಗಿಯು ಒಲ್ಲೆನೆಂದಿದ್ದಳಂತೆ, ಆದರೆ ಆ ಮಾತು ಅವಳ ಮನೆಯ ಹೊಸ್ತಿಲನ್ನು ದಾಟಿ ಇವರ ಕಿವಿಗೆ ಬೀಳಲಿಲ್ಲ. ಆರು ತಿಂಗಳಿಗೆ ಅವಳು ತೌರಿಗೆ ಹೋದಳು, ಮರಳಲಿಲ್ಲ. ಜಗಳವಿಲ್ಲ, ಹೊಡೆತಬಡಿತವಿಲ್ಲ. ಕಡೆಗೊಮ್ಮೆ ಇವರೇ ಹೋಗಿ ಕೇಳಲು, "ನಿಮ್ಮದೇನೂ ತಪ್ಪಿಲ್ಲ, ನಾನು ಮನಸ್ಸಿನಿಂದ ಹೂಂ ಅಂದಿರಲಿಲ್ಲ" ಎಂದು ಅಳುತ್ತ ಹೇಳಿದಳಂತೆ. ಇಬ್ಬರೂ ಕೂಡಿಯೇ ನ್ಯಾಯಾಲಯಕ್ಕೆ ಅರ್ಜಿಯನ್ನು ಕೊಟ್ಟರು.

ಇಲ್ಲಿ ಕಾಯಿದೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಕ್ರೈಸ್ತರ ವಿಚ್ಛೇದನವು 1869ರ ಕಾಯಿದೆಗೆ ಒಳಪಟ್ಟುದು. ಆ ಕಾಯಿದೆಯು ಮೊದಲಿಗೆ ಬಹು ಕಠಿನವಾಗಿತ್ತು. ಗಂಡನಾದವನು ಹೆಂಡತಿಯ ವ್ಯಭಿಚಾರವೊಂದನ್ನು ಸ್ಥಾಪಿಸಿದರೆ ಸಾಕಾಗುತ್ತಿತ್ತು. ಹೆಂಡತಿಗೆ ಸಾಮಾನ್ಯವಾಗಿ ಅಷ್ಟೇ ಸಾಲದೆ, ಅದರ ಸಂಗಡ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸ್ಥಾಪಿಸಬೇಕಾಗುತ್ತಿತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ಮಾರ್ಗವೇ ಇರಲಿಲ್ಲ. 2001ರ ತಿದ್ದುಪಡಿಯಿಂದ ಆ ಭೇದವು ತೊಲಗಿ, ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಎಡೆಯಾಯಿತು. ಆದರೂ ಇತರರಿಗೆ ಒಂದು ವರ್ಷದ ಪ್ರತ್ಯೇಕವಾಸವು ಸಾಕಾಗಿದ್ದರೆ ಕ್ರೈಸ್ತರಿಗೆ ಎರಡು ವರ್ಷವೆಂದು ಬರೆದಿದ್ದರು. ಇದನ್ನೂ ಒಂದೇ ವರ್ಷವೆಂದು ಓದತಕ್ಕದ್ದೆಂದು 2010ರಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ 2014ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ತೀರ್ಪಿತ್ತವು. ಆದುದರಿಂದ ನನ್ನ ಮಿತ್ರರಿಗೆ ಸರಕಾರದ ಕಡೆಯ ಬಿಡುಗಡೆಯು ಬೇಗನೆ ದೊರೆಯಿತು.

ಆದರೆ ಕಥೋಲಿಕ ಧರ್ಮಶಾಸ್ತ್ರದಲ್ಲಿ ವಿವಾಹವು ಸಂಸ್ಕಾರ. ವಿಧಿವತ್ತಾಗಿ ನಡೆದು ಸಂಪೂರ್ಣವಾದ ಆ ಸಂಬಂಧವನ್ನು ಮರಣದ ಹೊರತು ಯಾವ ಮಾನವಶಕ್ತಿಯೂ ಬಿಡಿಸಲಾರದೆಂದು ಅವರ ಸಿದ್ಧಾಂತ. ಹೀಗಿರಲು ಚರ್ಚಿನ ನ್ಯಾಯಪೀಠವು ವಿಚ್ಛೇದನವನ್ನು ಕೊಡುವುದಿಲ್ಲ. ಮದುವೆಯ ದಿನದಂದೇ ಅದು ಅಸಿಂಧುವಾಗಿತ್ತೆ ಎಂಬುದನ್ನು ಮಾತ್ರ ವಿಚಾರಿಸುವುದು. ವಧೂವರರ ಸಮ್ಮತಿಯೇ ಮದುವೆಗೆ ಪ್ರಾಣ. ಬಲಾತ್ಕಾರದಿಂದಾಗಲಿ ಭಯದಿಂದಾಗಲಿ ಹೊರಟ ಸಮ್ಮತಿಯು ಸಮ್ಮತಿಯಲ್ಲ. ಇದನ್ನು ಸ್ಥಾಪಿಸಲು ಮನವಿಯನ್ನು ಬರೆಯಬೇಕು, ಸಾಕ್ಷಿಗಳನ್ನು ಕೊಡಬೇಕು, ಎದುರು ಕಡೆಯವರಿಗೆ ತಿಳಿವಳಿಕೆ ಹೋಗಬೇಕು. ಅಲ್ಲಿ ಬಂಧಸಂರಕ್ಷಕನೆಂಬ ಅಧಿಕಾರಿಯೊಬ್ಬನಿರುವನು. ಆ ಮದುವೆಯು ಸಿಂಧುವೆಂದು ಹೇಳಲು ಎಷ್ಟು ಯುಕ್ತಿಗಳುಂಟೋ ಅಷ್ಟನ್ನೂ ಮುಂದಿಡುವುದು ಅವನ ಧರ್ಮ. ತೀರ್ಪು ಬರುವವರೆಗೆ ಮದುವೆಯು ಇದೆಯೆಂದೇ ಎಣಿಸತಕ್ಕದ್ದು. ಅಸಿಂಧುವೆಂದು ತೀರ್ಪಾದರೂ ಹುಟ್ಟಿದ ಮಕ್ಕಳಿಗೆ ಅದರಿಂದ ಯಾವ ಕಳಂಕವೂ ಇಲ್ಲವೆಂದು ಅವರ ಶಾಸ್ತ್ರವು ಹೇಳಿರುವುದು.

ಈ ಎರಡು ತೀರ್ಪುಗಳನ್ನು ಒಂದು ಮಾಡುವ ಪ್ರಯತ್ನವೂ ನಡೆಯದೆ ಇರಲಿಲ್ಲ. ದಕ್ಷಿಣ ಕನ್ನಡದ ಕಥೋಲಿಕ ಸಭೆಯ ಅಧ್ಯಕ್ಷರಾಗಿದ್ದ ಕ್ಲಾರೆನ್ಸ್ ಪಾಯ್ಸ್ ಎಂಬುವರು, ಚರ್ಚಿನ ನ್ಯಾಯಪೀಠದ ತೀರ್ಪಿಗೆ ಸರಕಾರವೂ ಮನ್ನಣೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದ್ದರು. ಅಂತಹ ತೀರ್ಪು ಕಾಯಿದೆಯ ಸ್ಥಾನದಲ್ಲಿ ನಿಲ್ಲಲಾರದೆಂದು ಆ ನ್ಯಾಯಾಲಯವು 1996ರಲ್ಲಿಯೇ ಬೇರೊಂದು ಮೊಕದ್ದಮೆಯಲ್ಲಿ ಹೇಳಿದ್ದಿತು. ಅದನ್ನೇ ಎತ್ತಿಹಿಡಿದು 2017ರ ಜನವರಿಯಲ್ಲಿ ಪಾಯ್ಸ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಆದುದರಿಂದ ಬಾಗಿಲುಗಳು ಎರಡು, ಬೀಗಗಳೂ ಎರಡು. ಚರ್ಚಿನ ತೀರ್ಪನ್ನು ಮಾತ್ರ ನಂಬಿ ಮತ್ತೆ ಮದುವೆಯಾದವನು ಸರಕಾರದ ಕಣ್ಣಿನಲ್ಲಿ ದ್ವಿಭಾರ್ಯನಾಗುವನು. ಸರಕಾರದ ತೀರ್ಪನ್ನು ಮಾತ್ರ ನಂಬಿದವನು ಪರಮಪ್ರಸಾದದಿಂದ ದೂರನಾಗುವನು.

ಇದನ್ನೆಲ್ಲ ತಿಳಿಯುವ ಮೊದಲು ನಾನು ಅವರಿಗೆ ಬಹು ಸುಲಭವಾದ ಬುದ್ಧಿವಾದವನ್ನು ಹೇಳಿದ್ದೆನು. ನಮ್ಮ ಭಾಗದ ಅನೇಕ ಜಾತಿಗಳಲ್ಲಿ ಪಂಚರು ಸೋಡಚೀಟಿ ಮಾಡಿಸಿದರೆ ಮುಗಿಯಿತು. ಆ ಬಳಿಕ ಹೆಣ್ಣಿಗೆ ಉಡಿಕೆಯೂ ಆಗುವುದು, ಗಂಡಿಗೆ ಎರಡನೆಯ ಮದುವೆಯೂ ಆಗುವುದು. "ಕೋರ್ಟೇ ಬಿಟ್ಟ ಮೇಲೆ ಇನ್ನೇನು? 1954ರ ವಿಶೇಷ ವಿವಾಹದ ಕಾಯಿದೆಯಿದೆ, ರಿಜಿಸ್ಟ್ರಾರರ ಮುಂದೆ ರುಜು ಹಾಕಿರಿ" ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರ, ಇನ್ನೊಂದು ಮದುವೆ ಮಾಡಿಕೊಳ್ಳಲಿಕ್ಕೆ ಅಪ್ಪಣೆ ಬೇಕಂತ ನಾನು ಕೇಳಿಲ್ಲ. ನನಗೆ ಮದುವೆ ಆಗಿತ್ತೋ ಇಲ್ಲೋ ಅಂತ ಕೇಳೀನಿ. ಅದಕ್ಕೆ ರಿಜಿಸ್ಟ್ರಾರರು ಉತ್ತರ ಹೇಳಾಣಿಲ್ಲ" ಎಂದರು. ನಾನು ಮಾತಾಡಲಿಲ್ಲ. ಸಂಸ್ಕಾರವೆಂಬ ಶಬ್ದದ ಮೇಲೆ ಎಷ್ಟೋ ಸಲ ಪಾಠ ಹೇಳಿದವನಿಗೆ ಆ ದಿನ ಅದರ ತೂಕವು ತಿಳಿಯಿತು.

ಈಗ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ನನ್ನ ಕಿರಿಯ ಮಗನ ಮದುವೆಗೆ ಅವರು ಬಂದಿದ್ದರು. ಅಕ್ಷತೆಯ ಹೊತ್ತಿಗೆ ದಂಪತಿಗಳನ್ನು ಮುಂದೆ ಕರೆಯುತ್ತಿದ್ದಾಗ ನಮ್ಮ ಬೀಗರ ಕಡೆಯ ಹಿರಿಯರೊಬ್ಬರು ಅವರನ್ನು ನೋಡಿ, "ಇವರ ಮನೆಯವರು ಎಲ್ಲಿ?" ಎಂದು ಕೇಳಿದರು. ನಾನು ಅಡ್ಡ ಬಾಯಿ ಹಾಕಿ, "ಊರಲ್ಲಿಲ್ಲ, ತೌರಿಗೆ ಹೋಗ್ಯಾರ" ಎಂದೆನು. ಅವರ ಮಾನವನ್ನು ಕಾಪಾಡಿದೆನೆಂದು ನನಗೆ ನಾನೇ ಹೇಳಿಕೊಂಡೆನು. ಊಟವಾದ ಮೇಲೆ ಅವರು ಎಲೆಅಡಿಕೆಯನ್ನು ತೆಗೆದುಕೊಂಡು ಹೊರಡುವಾಗ, ಮೆಲ್ಲಗೆ, "ಮಾಸ್ತರ, ನೀವೂ ನನ್ನನ್ನ ಮುಚ್ಚಿಟ್ಟಿರಲ್ಲ" ಎಂದರು. ನಾನು ಕಾಪಾಡಿದ್ದು ನನ್ನ ಮಂಟಪದ ಮಾನವನ್ನೇ ಹೊರತು ಅವರ ಮಾನವನ್ನಲ್ಲ. ಆ ಬಳಿಕ ಬಹು ದಿನ ಅವರು ನಮ್ಮ ಮನೆಯ ಕಡೆ ಸುಳಿಯಲಿಲ್ಲ.

ಎರಡು ವರ್ಷಗಳ ಕೆಳಗೆ ನನ್ನ ಪತ್ನಿಯು ತೀರಿಕೊಂಡಳು. ಆಗ ಯಾರೂ ಕರೆಯದೆಯೇ ಅವರು ಬಂದರು. ಹದಿಮೂರು ದಿನವೂ ಶಾಲೆಯನ್ನು ಮುಗಿಸಿಕೊಂಡು ಬಂದು ಜಗುಲಿಯ ಮೇಲೆ ಕುಳಿತು ಹೋಗುತ್ತಿದ್ದರು. ಆ ಹದಿಮೂರು ದಿನಗಳಲ್ಲಿ ನನಗೊಂದು ಸಂಗತಿಯು ಹೊಳೆಯಿತು. ನನ್ನ ದುಃಖಕ್ಕೆ ಸೂತಕವಿತ್ತು, ಸೂತಕಕ್ಕೆ ಕೊನೆಯಿತ್ತು. ಮೊದಲ ದಿನ ಏನು ಮಾಡಬೇಕು, ಹತ್ತನೆಯ ದಿನ ಏನು, ಯಾರು ಬಂದು ಏನು ಹೇಳಬೇಕು ಎಂಬುದೆಲ್ಲವೂ ಗೊತ್ತಾಗಿತ್ತು. ನೆರೆಮನೆಯವರು ಅನ್ನ ತಂದರು. ಪರಊರಿನವರು ಬಂದು ಅತ್ತರು. ಈ ಮನುಷ್ಯನ ಮನೆಯು ಬರಿದಾದ ದಿನ ಯಾರು ಹೋಗಿದ್ದರು? ಅನ್ನ ಯಾರು ತಂದರು? ಅತ್ತರೆ ಏಕೆ ಅಳುವನೆಂದು ಕೇಳುವರು, ನಕ್ಕರೆ ನಾಚಿಕೆಯಿಲ್ಲವೆನ್ನುವರು. ಬಾಡಿಗೆಗೆ ಮನೆಯನ್ನು ಕೇಳಿದರೆ "ಕುಟುಂಬ ಉಂಟೋ?" ಎನ್ನುವರು. ಭಾನುವಾರ ಬಲಿಪೂಜೆಗೆ ಹೋದರೆ ಕಡೆಯ ಬೆಂಚಿನಲ್ಲಿ ಕೂರುವುದು ಅವರಿಗೆ ವಾಡಿಕೆಯಾಗಿತ್ತು. ವಿಚ್ಛೇದಿತನು ಪರಮಪ್ರಸಾದಕ್ಕೆ ಬಾಹಿರನೆಂದು ಅವರ ಮತದವರೇ ಕೆಲವರು ತಿಳಿದಿದ್ದರಂತೆ. ಆದರೆ ಮತ್ತೆ ವಿವಾಹವಾಗದೆ ಉಳಿದವರಿಗೆ ಅಂತಹ ಅಡ್ಡಿಯೇನೂ ಇಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರಲ್ಲಿಯೇ ಬರೆದಿರುವರು. ಶಾಸ್ತ್ರವು ಹೇಳದ ನಿಷೇಧವನ್ನು ಜನವು ಹೇರುವುದು ಎಲ್ಲ ಮತಗಳಲ್ಲಿಯೂ ಇದ್ದುದೇ.

ಇದಾದ ಕೆಲವು ದಿನಗಳಿಗೆ ಅವರು ಸಂಕೋಚದಿಂದ ನನ್ನನ್ನೊಂದು ಸಹಾಯ ಕೇಳಿದರು. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಅವರ ಮತದವಳೇ ಆದ ದಾದಿಯೊಬ್ಬಳಿದ್ದಳು. ತಮ್ಮತಂಗಿಯರನ್ನು ಓದಿಸುವುದರಲ್ಲಿ ತನ್ನ ಮದುವೆಯ ವಯಸ್ಸನ್ನು ಹಿಂದೆ ಬಿಟ್ಟವಳು. ಬಂಧುಗಳ ಸಮಾರಂಭವೊಂದರಲ್ಲಿ ಪರಿಚಯವಾಗಿ, ಒಬ್ಬರ ಮಾತು ಒಬ್ಬರಿಗೆ ಹಿತವೆನಿಸಿತ್ತು. ಆದರೆ ಮಾತನಾಡುವುದು ಎಲ್ಲಿ? ಸಿಂಧನೂರಿನಲ್ಲಿ ಅವಳನ್ನು ಬಲ್ಲವರು, ಲಿಂಗಸುಗೂರಿನಲ್ಲಿ ಇವರನ್ನು ಬಲ್ಲವರು. ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಊರೆಲ್ಲ ಸುದ್ದಿ. ಅದಲ್ಲದೆ, ತೀರ್ಪಾಗುವ ಮೊದಲು ಯಾವ ಭಾಷೆಯನ್ನೂ ಕೊಡಬಾರದೆಂದು ಅವರ ಗುರುಗಳು ಎಚ್ಚರಿಸಿದ್ದರು. ಆ ಮಾತನ್ನು ಇಬ್ಬರೂ ನ್ಯಾಯವೆಂದು ಒಪ್ಪಿದ್ದರು. "ನೀವು ಸಂಗಡ ಇದ್ದರೆ ಯಾರೂ ಏನೂ ಅನ್ನಾಣಿಲ್ಲ, ಮಾಸ್ತರ" ಎಂದರು. ಹೀಗೆ ಅರವತ್ತು ದಾಟಿದ ಮೇಲೆ ನಾನು ಮೂರನೆಯವನಾಗಿ ಹೋಗತಕ್ಕ ಕೆಲಸವನ್ನು ವಹಿಸಿಕೊಂಡೆನು.

ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ಮಸ್ಕಿ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾವು ಈ ಕಡೆಯಿಂದ ಬಸ್ಸಿಗೆ ಹೋಗುತ್ತಿದ್ದೆವು. ಅವಳು ಆ ಕಡೆಯಿಂದ, ತುಂಗಭದ್ರೆಯ ಕಾಲುವೆಯ ಭತ್ತದ ಗದ್ದೆಗಳನ್ನು ದಾಟಿ ಬರುತ್ತಿದ್ದಳು. ಅಶೋಕನ ಶಾಸನವನ್ನು ನೋಡುವುದು ನಮ್ಮ ನೆಪ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬುವನ ಕಣ್ಣಿಗೆ ಬಿದ್ದ ಆ ಬಂಡೆಯ ಮಹತ್ತ್ವವನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾದುದಿಲ್ಲ. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವಿದ್ದುವು. ಅಶೋಕನೆಂಬ ಹೆಸರು ಮೊದಲು ಕಂಡುದು ಇಲ್ಲಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಗಳಲ್ಲಿ ಅದು ಮತ್ತೆ ದೊರೆತುದು ಬಹು ಕಾಲದ ಮೇಲೆ. ನಾನು ಶಾಸನದ ಪ್ರಾಕೃತವನ್ನು ಓದಿ ಅರ್ಥವನ್ನು ಹೇಳುವೆನು. ಅವರಿಬ್ಬರೂ ಮೊದಲ ಸಲದಂತೆ ಕೇಳುವರು. ಆ ಮೇಲೆ ನಾನು ಸ್ವಲ್ಪ ದೂರ ಹೋಗಿ ನೆರಳಿನಲ್ಲಿ ಕೂರುವೆನು. ಅವರು ಒಂದು ಗಂಟೆ ಮಾತನಾಡುವರು. ಅವಳು ತಂದ ಡಬ್ಬಿಯಲ್ಲಿನ ಮಂಡಾಳ ಒಗ್ಗರಣೆಯನ್ನು ಮೂವರೂ ತಿಂದು ಸೂರ್ಯಾಸ್ತಕ್ಕೆ ಮೊದಲು ನಮ್ಮ ನಮ್ಮ ಬಸ್ಸನ್ನು ಹಿಡಿಯುವೆವು. ಒಂದು ಸಲ, ತಾನು ಬುದ್ಧೋಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದು ಅರಸನು ಹೇಳಿಕೊಂಡಿರುವ ಭಾಗಕ್ಕೆ ಬಂದಾಗ, ನನ್ನ ಮಿತ್ರರು ನಕ್ಕು, "ನನ್ನ ಅರ್ಜಿಗೂ ಈಗ ಎರಡೂವರೆ ವರ್ಷ, ಮಾಸ್ತರ" ಎಂದರು. ಅವಳು ನಗಲಿಲ್ಲ.

ಕಾಯುವುದನ್ನು ನಮ್ಮ ಪ್ರಾಚೀನರೂ ಬಲ್ಲವರಾಗಿದ್ದರು. ಧರ್ಮಕಾರ್ಯಕ್ಕೆ ಹೋದ ಪತಿಗಾಗಿ ಎಂಟು ವರ್ಷ, ವಿದ್ಯೆಗಾಗಿ ಇಲ್ಲವೆ ಕೀರ್ತಿಗಾಗಿ ಹೋದವನಿಗಾಗಿ ಆರು, ಭೋಗಕ್ಕಾಗಿ ಹೋದವನಿಗಾಗಿ ಮೂರು ವರ್ಷ ಕಾಯತಕ್ಕದ್ದೆಂದು ಮನುಸ್ಮೃತಿಯು ಹೇಳುವುದು. ಸ್ತ್ರೀಯು ಮತ್ತೊಬ್ಬ ಪತಿಯನ್ನು ಪಡೆಯಬಹುದಾದ ಐದು ಆಪತ್ತುಗಳನ್ನು ಪರಾಶರನು ಎಣಿಸಿರುವನು; ವಿಜಯನಗರದ ಕಾಲದ ಮಾಧವಾಚಾರ್ಯರು ಅದು ಬೇರೆ ಯುಗಕ್ಕೆ ಹೇಳಿದ್ದೆಂದು ವ್ಯಾಖ್ಯಾನಿಸಿ ಆ ಬಾಗಿಲನ್ನು ಮುಚ್ಚಿದರು; ಈಶ್ವರಚಂದ್ರ ವಿದ್ಯಾಸಾಗರರು ಅದೇ ಶ್ಲೋಕವನ್ನು ಹಿಡಿದು ವಿಧವಾವಿವಾಹಕ್ಕಾಗಿ ವಾದಿಸಿದರು, 1856ರಲ್ಲಿ ಕಾಯಿದೆಯೂ ಆಯಿತು. 1905ರಲ್ಲಿ ಶಾಮಶಾಸ್ತ್ರಿಗಳಿಗೆ ಮೈಸೂರಿನಲ್ಲಿ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವು, ಪರಸ್ಪರ ದ್ವೇಷವಿದ್ದರೆ ಬಿಡುಗಡೆಯುಂಟೆಂದು ಹೇಳಿ, ಧರ್ಮವಿವಾಹಗಳಿಗೆ ಮಾತ್ರ ಅದಿಲ್ಲವೆನ್ನುವುದು. ಹಾಗಾದರೆ ಬಂಧವನ್ನು ಅಭೇದ್ಯವೆಂದು ತಿಳಿದವರು ಕಥೋಲಿಕರು ಮಾತ್ರವೇ ಅಲ್ಲ. ಇವನ್ನೆಲ್ಲ ನಾನು ಸಮರ್ಥಿಸುವುದಕ್ಕಾಗಿ ಹೇಳಲಿಲ್ಲ. ಹೆಂಗಸಿಗೆ ಮಾತ್ರ ಕಾಯುವ ವರ್ಷಗಳನ್ನು ಎಣಿಸಿಟ್ಟುದು ನ್ಯಾಯವೂ ಅಲ್ಲ. ಆದರೆ ಎಣಿಸಿದ್ದರು ಎಂಬುದನ್ನು ಗಮನಿಸಬೇಕು. ಎಂಟು ವರ್ಷವೆಂದರೆ ಎಂಟು ಸಲ ಯುಗಾದಿಯು ಬಂದು ಹೋಗುವುದು. ಮನಸ್ಸು ಅದನ್ನು ಲೆಕ್ಕ ಹಾಕಬಲ್ಲುದು. ಲೆಕ್ಕಕ್ಕೆ ಸಿಕ್ಕದ ಕಾಯುವಿಕೆಯು ಒಂದು ವರ್ಷದ್ದಾದರೂ ದೀರ್ಘವೇ.

ಚರ್ಚಿನ ಶಾಸ್ತ್ರದಲ್ಲಿಯೂ ಈ ಲೆಕ್ಕವು ಇಲ್ಲದಿಲ್ಲ. ಮೊದಲ ನ್ಯಾಯಪೀಠದಲ್ಲಿ ವಿಚಾರಣೆಯು ಒಂದು ವರ್ಷವನ್ನೂ ಮೇಲಿನದರಲ್ಲಿ ಆರು ತಿಂಗಳನ್ನೂ ಮೀರದಂತೆ ನೋಡಿಕೊಳ್ಳಬೇಕೆಂದು 1983ರ ಅವರ ಧರ್ಮಸಂಹಿತೆಯು ಹೇಳುವುದು. ಹಿಂದೆ ಅಸಿಂಧುವೆಂಬ ತೀರ್ಪು ಒಂದಾದರೆ ಸಾಲದೆ, ಮೇಲಿನ ಪೀಠದ ಎರಡನೆಯ ತೀರ್ಪೂ ಅದಕ್ಕೆ ಹೊಂದಬೇಕಾಗಿತ್ತು. ಪೋಪ್ ಫ್ರಾನ್ಸಿಸ್ ಅವರು 2015ರ ಆಗಸ್ಟಿನಲ್ಲಿ ಹೊರಡಿಸಿದ ಶಾಸನದಿಂದ, ಆ ವರ್ಷದ ಡಿಸೆಂಬರ್ 8ರಿಂದಾಚೆಗೆ, ಯಾರೂ ಮೇಲ್ಮನವಿ ಮಾಡದಿದ್ದರೆ ಒಂದೇ ತೀರ್ಪು ಸಾಕಾಯಿತು. ಇಬ್ಬರೂ ಒಪ್ಪಿ, ಕಾರಣವು ಸ್ಪಷ್ಟವಾಗಿರುವಲ್ಲಿ ಧರ್ಮಾಧ್ಯಕ್ಷರೇ ಸಂಕ್ಷೇಪವಾಗಿ ನಿರ್ಣಯಿಸುವ ಕ್ರಮವೂ ಬಂದಿತು. ಆದಷ್ಟು ಮಟ್ಟಿಗೆ ಖರ್ಚಿಲ್ಲದೆ ನಡೆಯಿಸಬೇಕೆಂಬ ಸೂಚನೆಯೂ ಇತ್ತು. ಇಷ್ಟಿದ್ದರೂ ನನ್ನ ಮಿತ್ರರ ಕಾಗದಗಳಿಗೆ ಈಗ ನಾಲ್ಕನೆಯ ವರ್ಷ. ಮದುವೆ ನಡೆದುದು ಒಂದು ಕಡೆ, ಸಾಕ್ಷಿಗಳು ಇನ್ನೊಂದು ಕಡೆ; ಒಬ್ಬ ಸಾಕ್ಷಿಯು ತೀರಿಕೊಂಡರು, ಮತ್ತೊಬ್ಬರು ಬಂಧುಗಳಿಗೆ ಹೆದರಿ ಬಾಯಿ ಬಿಡಲೊಲ್ಲರು. ಇದರಲ್ಲಿ ದೋಷವು ಯಾರದೆಂದು ನಿರ್ಣಯಿಸಲು ನನಗೆ ಶಕ್ತಿಯಿಲ್ಲ. ವಿಚಾರಣೆಯು ಗಂಭೀರವಾಗಿರಲೆಂಬುದನ್ನು ಅವರೇ ಬಯಸುವರು. ಅಗ್ಗವಾದ ಉತ್ತರವು ಅವರಿಗೆ ಬೇಡ. ಆದರೂ ಆರು ತಿಂಗಳಿಗೊಮ್ಮೆ, ನಿಮ್ಮ ವಿಚಾರವು ಇಲ್ಲಿಯವರೆಗೆ ಬಂದಿದೆಯೆಂದು ಎರಡು ಸಾಲು ಬರೆದರೆ ಯಾವ ಶಾಸ್ತ್ರಕ್ಕೂ ಹಾನಿಯಾಗದೆಂದು ನನ್ನ ಎಣಿಕೆ.

ದಾದಿಯು ಹೋದ ಆಷಾಢದಲ್ಲಿ ಕುವೈತಿಗೆ ಹೊರಟುಹೋದಳು. ಎರಡು ವರ್ಷದ ಕರಾರು. ತಂಗಿಯ ಮದುವೆಯ ಸಾಲವಿತ್ತು. ಮನೆಯವರು ಬೇರೆ ವರನನ್ನು ನೋಡುವ ಮಾತನ್ನೂ ಎತ್ತಿದ್ದರು. ಮಸ್ಕಿಯಲ್ಲಿ ಕೊನೆಯ ಸಲ ಕುಳಿತಾಗ ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಗುರುಗಳ, ಇವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ" ಎಂದಳು. ಅವರಿಗೆ ಏನೂ ಹೇಳಲಿಲ್ಲ. ಹೇಳುವ ಹಾಗೆಯೂ ಇರಲಿಲ್ಲ. ಅಲ್ಲಿ ವಾರದ ರಜೆಯು ಶುಕ್ರವಾರ. ಆ ರಾತ್ರಿ ದೂರವಾಣಿಯಲ್ಲಿ ಮಾತನಾಡುವರು. ಅವಳು ಮರಳುವುದು ಮೊದಲೋ ತೀರ್ಪು ಬರುವುದು ಮೊದಲೋ, ಬಂದರೆ ಹೇಗೆ ಬರುವುದೋ, ಈ ಮೂರೂ ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರುವುದು ಸ್ವಲ್ಪವೇ. ಅಂತಹವರು ನಮ್ಮ ಬೀದಿಗಳಲ್ಲಿ, ಎಲ್ಲ ಮತಗಳಲ್ಲಿಯೂ, ಇರುವರು. ಅವರನ್ನು ಮದುವೆಯ ಮನೆಗೆ ಕರೆಯದಿರುವುದು ಒಂದು ಅನ್ಯಾಯ. ಕರೆದು ಮುಚ್ಚಿಡುವುದು ಇನ್ನೊಂದು. ಎರಡನೆಯದನ್ನು ನಾನೇ ಮಾಡಿದವನಾದ್ದರಿಂದ ಅದರ ವಿಷಯವನ್ನು ಬಲ್ಲೆನು. ಈಗ ಪ್ರತಿ ಭಾನುವಾರ ಅವರು ಬಲಿಪೂಜೆಯನ್ನು ಮುಗಿಸಿಕೊಂಡು ನಮ್ಮ ಮನೆಗೆ ಬರುವರು. ಅನ್ನ ಸಾರುಗಳನ್ನು ಮಾಡಲು ನಾನೂ ಕಲಿತಿರುವೆನು. ಇಬ್ಬರು ಒಂಟಿ ಗಂಡಸರು ಎದುರುಬದುರಾಗಿ ಕುಳಿತು ಉಣ್ಣುವುದು ನೋಡಲು ಅಷ್ಟೇನೂ ಚೆಲುವಾಗಿರಲಾರದು. ಆದರೆ ಊಟವು ಸೇರುವುದು.

ಬರುವ ವೈಶಾಖದಲ್ಲಿ ನನ್ನ ತಮ್ಮನ ಮಗಳ ಮದುವೆಯು ಸಿಂಧನೂರಿನಲ್ಲಿ ನಿಶ್ಚಯವಾಗಿದೆ. ಅವರನ್ನು ಕರೆದಿರುವೆನು, ಬರುವೆನೆಂದಿರುವರು. ಮುಂದಿನ ಸಾಲಿನಲ್ಲಿ ನನ್ನ ಮಗ್ಗುಲಿಗೆ ಅವರನ್ನು ಕೂರಿಸಿಕೊಳ್ಳುವೆನು. ಅವರ ಮನೆಯವರು ಎಲ್ಲಿ ಎಂದು ಯಾರಾದರೂ ಕೇಳಿದರೆ ಈ ಸಲ ನಾನು ಬಾಯಿ ಹಾಕುವುದಿಲ್ಲ. ಅವರು ಏನು ಹೇಳುವರೋ ಅದನ್ನು ನಾನೂ ಕೇಳುವೆನು.